ಕೇಳುವುದೂ ನಿಲ್ಲುವುದೂ ಒಂದೇ ನರದ ಕೆಲಸ

(ಕಲಬುರಗಿಯಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ಪಾಲಕರ ಎದುರು ಶ್ರವಣ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಭಾಗದಲ್ಲಿ ಎರಡು ದೂರುಗಳನ್ನು ನೀವೆಲ್ಲ ದಿನಾ ಕೇಳುತ್ತೀರಿ. ಒಂದು, “ಕಿವಿ ಕೇಳಂಗಿಲ್ರೀ.” ಇನ್ನೊಂದು, “ಚಕ್ಕರ್ ಬರ್ತಾವ್ರೀ.” ಮೊದಲನೆಯದಕ್ಕೆ ಜನ ಕಿವಿಗೆ ಬಿಸಿ ಎಣ್ಣೆ ಬಿಡುತ್ತಾರೆ. ಎರಡನೆಯದಕ್ಕೆ ಒಂದು ಸಲಾಯಿನ್ ಹಚ್ಚಿಸಿಕೊಂಡು ಬರುತ್ತಾರೆ. ಬಿ.ಪಿ. ಇರಬೇಕು, ಅಶಕ್ತಿ ಇರಬೇಕು, ಕುತ್ತಿಗೆ ಸವೆದಿರಬೇಕು ಅನ್ನುತ್ತಾರೆ. ಈ ಎರಡು ದೂರುಗಳೂ ಒಳಗಿವಿಯಿಂದ ಮಿದುಳಿಗೆ ಹೋಗುವ ಒಂದೇ ನರದ ಕಡೆಯಿಂದ ಬಂದಿರಬಹುದು ಅನ್ನೋದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಇವತ್ತು ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಈ ನರದ ವಿಷಯದಲ್ಲಿ “ನೋಡೋಣ, ತಾನಾಗೇ ಸರಿಹೋದೀತು” ಅಂತ ಕಾಯಬಾರದು. ಯಾಕೆ ಅಂತ ತಿಳಿಯಬೇಕಾದರೆ ಅದು ಎಲ್ಲಿದೆ, ಏನು ಮಾಡುತ್ತದೆ ಅನ್ನೋದನ್ನು ಮೊದಲು ನೋಡಬೇಕು.

ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಜರ್ಮನಿಯ ಸಾಮ್ಯುಯೆಲ್ ಥಾಮಸ್ ಸೋಮರಿಂಗ್ ಅನ್ನುವ ವೈದ್ಯರು 1778ರಲ್ಲಿ ಇವನ್ನು ಮುಂದಿನಿಂದ ಹಿಂದಕ್ಕೆ ಎಣಿಸಿ ನಂಬರ್ ಕೊಟ್ಟರು. ಆ ಎಣಿಕೆಯೇ ಇವತ್ತಿಗೂ ನಡೆದಿದೆ. ನಮ್ಮ ನರ ಅದರಲ್ಲಿ ಎಂಟನೆಯದು. ಅದಕ್ಕೂ ಮೊದಲು ಇದನ್ನೂ ಮುಖದ ನರವನ್ನೂ ಸೇರಿಸಿ ಒಂದೇ ಅಂತ ಎಣಿಸುತ್ತಿದ್ದರು. ಯಾಕೆಂದರೆ ತಲೆಬುರುಡೆಯ ತೀರ ಗಟ್ಟಿಯಾದ ಎಲುಬಿನೊಳಗೆ, ಒಂದೇ ಸಣ್ಣ ಕೊಳವೆಯಲ್ಲಿ, ಎರಡೂ ಒತ್ತೊತ್ತಾಗಿ ಸಾಗುತ್ತವೆ. ಒಳಗಿವಿಯಿಂದ ಮಿದುಳಿನ ಕಾಂಡ ಮುಟ್ಟುವವರೆಗೆ ಎಂಟನೇ ನರದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಅಷ್ಟೇ. ನೀವು ಕಿವಿಗೆ ಬಿಟ್ಟ ಎಣ್ಣೆ ಕಿವಿತಮಟೆಯ ಹತ್ತಿರವೇ ನಿಲ್ಲುತ್ತದೆ. ನರದ ತನಕ ಅದಕ್ಕೆ ದಾರಿಯೇ ಇಲ್ಲ. ತಮಟೆಯಲ್ಲಿ ತೂತು ಇದ್ದರಂತೂ ಎಣ್ಣೆ ನಡುಗಿವಿಗೆ ಇಳಿದು ಸೋಂಕು ತರುತ್ತದೆ.

ಈ ನರದಲ್ಲಿ ಎರಡು ಭಾಗ. ಒಂದು ಕೇಳುವುದಕ್ಕೆ, ಇನ್ನೊಂದು ಸಮತೋಲಕ್ಕೆ. ಕೇಳುವ ಭಾಗದಲ್ಲಿ ಸುಮಾರು 30,000 ಎಳೆಗಳಿವೆ. ಸಮತೋಲದ ಭಾಗದಲ್ಲಿ ಅದಕ್ಕಿಂತ ಕಡಿಮೆ. ಕಣ್ಣಿನ ನರದಲ್ಲಿ ಎಷ್ಟಿವೆ ಗೊತ್ತೇ? ಹತ್ತು ಲಕ್ಷಕ್ಕೂ ಜಾಸ್ತಿ. ನೀವು ಹುಟ್ಟಿದಾಗಿನಿಂದ ಕೇಳಿದ ಪ್ರತಿ ಮಾತು, ಪ್ರತಿ ಹಾಡು, ಜೋಗುಳ, ಭಜನೆ, ಆಜಾನ್, ಎಲ್ಲವೂ ಒಂದೊಂದು ಕಿವಿಯ ಆ 30,000 ಎಳೆಗಳಲ್ಲೇ ಹಾದು ಬಂದಿದೆ. ಅದಕ್ಕೇ ಒಂದೊಂದು ಎಳೆಗೂ ಬೆಲೆ ಇದೆ ಅಂತ ನಾನು ಹೇಳೋದು.

ಎಳೆಗಳ ತುದಿಯಲ್ಲಿ ಏನಿದೆ? ಕಾಕ್ಲಿಯಾ ಅನ್ನುವ ಎರಡೂವರೆ ಸುತ್ತಿನ ಸುರುಳಿ. ಬಿಚ್ಚಿ ಇಟ್ಟರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗೆ ಸಾಲಾಗಿ ಕೂದಲಿನಂಥ ತುದಿಗಳಿರುವ ಕೋಶಗಳು. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಹೊರಸಾಲಿನವು ಸಣ್ಣ ಸದ್ದನ್ನು ಹಿಗ್ಗಿಸುತ್ತವೆ. ಒಳಸಾಲಿನವು ಅದನ್ನು ನರಕ್ಕೆ ದಾಟಿಸುತ್ತವೆ. ಮಿದುಳಿಗೆ ಸುದ್ದಿ ಒಯ್ಯುವ ಎಳೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬರುವುದು ಈ ಒಳಸಾಲಿನಿಂದಲೇ. ಸುರುಳಿಯ ಬುಡದಲ್ಲಿ ಕೀರಲು ಸದ್ದುಗಳು, ತುದಿಯಲ್ಲಿ ದಪ್ಪ ಸದ್ದುಗಳು. ಎಲ್ಲಿನ ಎಳೆ ಮಿಡಿಯಿತು ಅನ್ನೋದರ ಮೇಲೆ ಮಿದುಳಿಗೆ ಸ್ವರ ಯಾವುದು ಅಂತ ಗೊತ್ತಾಗುತ್ತದೆ. ಸತ್ತವರ ಕಿವಿಯ ಸುರುಳಿಯಲ್ಲಿ ಸದ್ದಿನ ಅಲೆ ಹೇಗೆ ಸಾಗುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಗೇಯಾರ್ಗ್ ಫಾನ್ ಬೇಕೇಶಿ. 1961ರಲ್ಲಿ ಅವರಿಗೆ ನೊಬೆಲ್ ಬಂತು.

ವಯಸ್ಸಾದಾಗ ಮೊದಲು ಸೋಲುವುದು ಬುಡದ ಭಾಗ, ಅಂದರೆ ಕೀರಲು ಸದ್ದುಗಳ ಭಾಗ. ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಇರುವುದು ಅಲ್ಲೇ. ಆ, ಓ, ಊ ಸ್ವರಗಳು ಉಳಿದುಕೊಳ್ಳುತ್ತವೆ. ಆಗ ಮನೆಯಲ್ಲಿ ನಡೆಯುವ ಮಾತು ನಿಮಗೆಲ್ಲ ಗೊತ್ತೇ ಇದೆ. ಮೆಲ್ಲಗೆ ಮಾತಾಡಿದರೆ ಮುತ್ಯಾ “ಕೇಳಂಗಿಲ್ಲ, ಜೋರ್ ಹೇಳು” ಅನ್ನುತ್ತಾರೆ. ಜೋರಾಗಿ ಹೇಳಿದರೆ “ಯಾಕ್ ಒದರ್ತಿ, ನಾ ಏನ್ ಕಿವುಡ ಇದೀನಾ?” ಅನ್ನುತ್ತಾರೆ. ಮಕ್ಕಳು ಮೊಮ್ಮಕ್ಕಳು ಇದನ್ನು ಹಟ ಅಂದುಕೊಳ್ಳುತ್ತಾರೆ. ಹಟ ಅಲ್ಲ ಅದು. ಹೊರಸಾಲಿನ ಕೋಶಗಳು ಹೋದ ಮೇಲೆ ಸಣ್ಣ ಸದ್ದು ಕೇಳುವುದೇ ಇಲ್ಲ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ಜೋರಾಗಿ ಬಂದು ಬಡಿಯುತ್ತದೆ. ಅಂಥವರ ಎದುರಿಗೆ ಬಂದು, ಮುಖ ಕಾಣುವಂತೆ ಕೂತು, ನಿಧಾನಕ್ಕೆ ಬಿಡಿಸಿ ಹೇಳಿ. ಕೂಗಬೇಡಿ.

“ದನಿ ಕೇಳ್ತದ, ಮಾತು ತಿಳಿಯಂಗಿಲ್ಲ.” ಈ ಮಾತು ಯಾರಾದರೂ ಹೇಳಿದರೆ ಕಿವಿ ಕೊಟ್ಟು ಕೇಳಿ. ನರ ಸೋತಿದೆ ಅನ್ನುವ ಸೂಚನೆ ಅದರಲ್ಲಿ ಇರಬಹುದು. ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗವಿದೆ. ಇಲಿಗಳಿಗೆ ಎರಡು ಗಂಟೆ 100 ಡೆಸಿಬಲ್ ಸದ್ದು ಕೇಳಿಸಿದರು. ಡೆಸಿಬಲ್ ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ. ಕಿವಿ ಮಂದವಾಯಿತು, ಕೆಲವು ದಿನಗಳಲ್ಲಿ ಮೊದಲಿನಂತೆ ಸರಿಹೋಯಿತು. ಪರೀಕ್ಷೆಯಲ್ಲಿ ಎಲ್ಲ ಸರಿ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀರಲು ಸದ್ದಿನ ಭಾಗದಲ್ಲಿ ಕೋಶಕ್ಕೂ ನರಕ್ಕೂ ಇದ್ದ ಬೆಸುಗೆಗಳಲ್ಲಿ ಅರ್ಧದಷ್ಟು ಹೋಗಿಬಿಟ್ಟಿದ್ದವು. ಮತ್ತೆ ಬರಲಿಲ್ಲ.

ಇದನ್ನು ನಾನು ಡಿಜೆ ಕಾರಣಕ್ಕೆ ಹೇಳುತ್ತಿದ್ದೇನೆ. ಮದುವೆ ಇರಲಿ, ಮೆರವಣಿಗೆ ಇರಲಿ, ಯಾವ ಧರ್ಮದ್ದಾದರೂ ಇರಲಿ, ಟ್ರ್ಯಾಕ್ಟರ್ ಮೇಲೆ ಗೋಡೆಯಷ್ಟು ಎತ್ತರ ಸ್ಪೀಕರ್ ಜೋಡಿಸುತ್ತಾರೆ. ಅದರ ಎದುರೇ ಹುಡುಗರು ಕುಣಿಯುತ್ತಾರೆ. ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಮರುದಿನ ಹೋಗುತ್ತದೆ. “ಏನೂ ಆಗಿಲ್ಲ” ಅನ್ನುತ್ತಾರೆ. ಏನೂ ಆಗಿಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು. ಮುಂದೆ ಪ್ರತಿ ಮೂರು ಡೆಸಿಬಲ್‌ಗೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಮುಟ್ಟುವಾಗ ಉಳಿಯುವುದು 15 ನಿಮಿಷ. ಶಹಾಬಾದಿನ ಕಲ್ಲು ಕೊಯ್ಯುವ ಮಷೀನುಗಳ ಹತ್ತಿರ, ಇಲ್ಲಿನ ದಾಲ್ ಮಿಲ್ಲುಗಳಲ್ಲಿ ಕೆಲಸ ಮಾಡುವವರು ನಿಮ್ಮ ಓಣಿಯಲ್ಲೂ ಇರುತ್ತಾರೆ. ಅವರಿಗೆ ಕಿವಿಗೆ ಹಾಕುವ ಪ್ಲಗ್ ಬಗ್ಗೆ ಹೇಳಿ. ಹತ್ತಿ ತುರುಕಿಕೊಂಡರೆ ಸಾಲದು.

1988ರಲ್ಲಿ ವಿಜ್ಞಾನಿಗಳಿಗೆ ಒಂದು ಅಚ್ಚರಿ ಸಿಕ್ಕಿತು. ಕೋಳಿ ಮತ್ತು ಕ್ವೇಲ್ ಹಕ್ಕಿಗಳಲ್ಲಿ ಸದ್ದಿನಿಂದ ಸತ್ತ ಕೂದಲು ಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯರ ಕಾಕ್ಲಿಯಾದಲ್ಲಿ ಹುಟ್ಟುವುದಿಲ್ಲ. ಹುಟ್ಟಿದಾಗ ಸಿಕ್ಕಿದ್ದೇ ಕೊನೆಯವರೆಗೆ.

ಈಗ ಸಮತೋಲದ ಭಾಗಕ್ಕೆ ಬರೋಣ. ಎಲ್ಲರೂ ಒಂದು ಕೆಲಸ ಮಾಡಿ. ಬೆರಳನ್ನು ಕಣ್ಣ ಮುಂದೆ ಹಿಡಿದು, ತಲೆ ಅಲುಗಿಸದೆ, ಬೆರಳನ್ನು ಜೋರಾಗಿ ಎಡಕ್ಕೂ ಬಲಕ್ಕೂ ಆಡಿಸಿ. ಬೆರಳು ಮಸುಕಾಗುತ್ತದೆ, ಅಲ್ವಾ? ಈಗ ಬೆರಳನ್ನು ನಿಲ್ಲಿಸಿ, ಅಷ್ಟೇ ಜೋರಾಗಿ ತಲೆ ಆಡಿಸಿ. ಬೆರಳಿನ ಗೆರೆ ಕೂಡ ಸ್ಪಷ್ಟವಾಗಿ ಕಾಣುತ್ತದೆ. ಎರಡನೇ ಸಲ ಕೆಲಸ ಮಾಡಿದ್ದು ಎಂಟನೇ ನರ. ತಲೆ ಎತ್ತ ತಿರುಗಿತು ಅಂತ ಅದು ಸುದ್ದಿ ಕೊಟ್ಟ ಕೂಡಲೇ ಕಣ್ಣು ಅಷ್ಟೇ ಎದುರು ದಿಕ್ಕಿಗೆ ತಿರುಗುತ್ತದೆ. ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಇದು ಮುಗಿಯುತ್ತದೆ. ಈ ಭಾಗ ಎರಡೂ ಕಡೆ ಹೋದವರಿಗೆ ನಡೆಯುವಾಗ ಬಸ್ಸಿನ ಬೋರ್ಡು ಕುಣಿಯುತ್ತದೆ, ಓದಲು ಆಗುವುದಿಲ್ಲ. ನಿಂತರೆ ಸರಿಯಾಗಿ ಕಾಣುತ್ತದೆ. ಹಿಂದೆ ಟಿ.ಬಿ.ಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ತೆಗೆದುಕೊಂಡ ಕೆಲವರಲ್ಲಿ ಇದನ್ನು ನೋಡುತ್ತೇವೆ. ಆ ಔಷಧ ಜೀವ ಉಳಿಸಿತು, ಆದರೆ ಕೆಲವರ ಸಮತೋಲದ ಕೋಶಗಳನ್ನು ಕೊಂದಿತು. ಅದೇ ಗುಂಪಿನ ಅಮಿಕಾಸಿನ್ ಕೇಳುವ ಕೋಶಗಳಿಗೆ ಕುತ್ತು. ಇಂಥ ಔಷಧವನ್ನು ಬಹಳ ದಿನ ಕೊಡುವುದಿದ್ದರೆ ಕಿವಿ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ನೀವಾಗಿಯೇ ಔಷಧ ನಿಲ್ಲಿಸಬೇಡಿ.

ಒಳಗಿವಿಯಲ್ಲಿ ಮೂರು ಅರ್ಧವೃತ್ತದ ಕೊಳವೆಗಳಿವೆ. ಅವುಗಳಲ್ಲಿ ದ್ರವ ಇದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ಕೋಶ ಬಾಗುತ್ತದೆ, ನರ ಮಿಡಿಯುತ್ತದೆ. ಹುಡುಗಿಯರು ಕೈ ಕೈ ಹಿಡಿದು ಫುಗಡಿ ಆಡುತ್ತಾರಲ್ಲ, ನಿಂತ ಮೇಲೂ ಮನೆ ತಿರುಗಿದಂತೆ ಕಾಣುತ್ತದೆ. ದೇಹ ನಿಂತರೂ ದ್ರವ ನಿಂತಿರುವುದಿಲ್ಲ, ಅದಕ್ಕೆ.

ಬೀದರಿನಿಂದ ಬಂದವರು ಇಲ್ಲಿದ್ದೀರಿ. ವಾಯುಪಡೆಯ ಸೂರ್ಯಕಿರಣ ವಿಮಾನಗಳು ನಿಮ್ಮ ತಲೆಯ ಮೇಲೆ ಹಾರುವುದನ್ನು ನೋಡಿರುತ್ತೀರಿ. ಮೋಡದೊಳಗೆ ವಿಮಾನ ಒಂದೇ ವೇಗದಲ್ಲಿ ಬಹಳ ಹೊತ್ತು ಸುತ್ತು ಹೊಡೆದರೆ ಕೊಳವೆಯ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತದೆ. ಆಗ ನರ “ನೇರ ಹೋಗುತ್ತಿದ್ದೀಯ” ಅನ್ನುತ್ತದೆ. ನಿಜವಾಗಿ ನೇರ ಮಾಡಿದಾಗ “ಆ ಕಡೆ ಸುತ್ತುತ್ತಿದ್ದೀಯ” ಅನ್ನುತ್ತದೆ. ಆ ಸುದ್ದಿ ನಂಬಿ ಪ್ರಾಣ ಕಳಕೊಂಡ ಪೈಲಟ್‌ಗಳಿದ್ದಾರೆ. ಅದಕ್ಕೇ ಮೋಡದಲ್ಲಿ ಮೈಗೆ ಅನಿಸಿದ್ದನ್ನು ಬಿಟ್ಟು ಮೀಟರ್ ತೋರಿಸಿದ್ದನ್ನೇ ನಂಬುವಂತೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಾರೆ.

ಸಮತೋಲದ ನರ ನಾವು ಸುಮ್ನೆ ಕೂತಾಗಲೂ ಮಿಡಿಯುತ್ತಲೇ ಇರುತ್ತದೆ. ಕೋತಿಗಳಲ್ಲಿ ಅಳೆದಾಗ ಒಂದೊಂದು ಎಳೆ ಸೆಕೆಂಡಿಗೆ ಸುಮಾರು 90 ಸಲ ಮಿಡಿದದ್ದು ಕಂಡಿದೆ. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುವ ಹಳೆಯ ತಕ್ಕಡಿ ನೆನಪಿಸಿಕೊಳ್ಳಿ. ಎರಡೂ ತಟ್ಟೆಯಲ್ಲಿ ಸಮ ತೂಕ ಇದ್ದರೆ ಮುಳ್ಳು ನಡುವೆ ನಿಲ್ಲುತ್ತದೆ. ಎಡಗಿವಿ, ಬಲಗಿವಿ ಎರಡೂ ಕಡೆಯ ಮಿಡಿತ ಸಮ ಇದ್ದರೆ ಮಿದುಳು “ನೀನು ನಿಂತಿದ್ದೀಯ” ಅನ್ನುತ್ತದೆ. ಒಂದು ಕಡೆಯ ನರಕ್ಕೆ ವೈರಸ್ ಸೋಂಕಿನಿಂದ ಬಾವು ಬಂದು ಮಿಡಿತ ನಿಂತರೆ, ಮುಳ್ಳು ಇನ್ನೊಂದು ಕಡೆಗೆ ಪೂರ್ತಿ ವಾಲುತ್ತದೆ. ಮಲಗಿದವರಿಗೂ ಕೋಣೆಯೆಲ್ಲ ಗರಗರ ತಿರುಗುತ್ತದೆ. ವಾಂತಿ ನಿಲ್ಲುವುದಿಲ್ಲ. ಎರಡು ಮೂರು ದಿನ ಹಾಗೇ ಇರುತ್ತದೆ.

ಆಮೇಲೆ ನಿಧಾನಕ್ಕೆ ಕಡಿಮೆಯಾಗುತ್ತದೆ. ಎಷ್ಟೋ ಸಲ ನರ ಪೂರ್ತಿ ಗುಣವಾಗಿರುವುದಿಲ್ಲ. ಮಿದುಳು ಹೊಸ ಲೆಕ್ಕ ಕಲಿತಿರುತ್ತದೆ. ಎಂಟನೇ ನರದ ಎರಡು ಭಾಗಗಳಿಗೆ ಇರುವ ದೊಡ್ಡ ವ್ಯತ್ಯಾಸ ಇದು. ಹೋದ ಕಿವಿಯನ್ನು ಮಿದುಳು ತುಂಬಿಕೊಡಲಾರದು, ಹೋದ ಸಮತೋಲವನ್ನು ಬಹಳ ಮಟ್ಟಿಗೆ ತುಂಬಿಕೊಡಬಲ್ಲದು. ಆದರೆ ಎದ್ದು ಓಡಾಡಿದರೆ ಮಾತ್ರ ಅದು ಕಲಿಯುತ್ತದೆ. ಮೊದಲ ಎರಡು ಮೂರು ದಿನ ಚಕ್ಕರ್ ಗುಳಿಗೆ ಬೇಕು. ಅದನ್ನೇ ತಿಂಗಳುಗಟ್ಟಲೆ ನುಂಗುತ್ತಾ ಕತ್ತಲ ಕೋಣೆಯಲ್ಲಿ ಮಲಗಿದರೆ ಮಿದುಳಿನ ಕಲಿಕೆ ನಿಧಾನವಾಗುತ್ತದೆ. ಕೆಲವು ಗುಳಿಗೆಗಳನ್ನು ವಯಸ್ಸಾದವರು ಬಹಳ ಕಾಲ ತಿಂದರೆ ಕೈ ನಡುಕ, ಮೈ ಬಿಗಿತ ಬರುತ್ತವೆ. ಮನೆಯಲ್ಲಿ ಆಯಿಯ ಔಷಧದ ಚೀಲ ಒಮ್ಮೆ ನೋಡಿ. ಹಳೆಯ ಚಕ್ಕರ್ ಗುಳಿಗೆ ಇನ್ನೂ ನಡೆಯುತ್ತಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಎಲ್ಲ ಚಕ್ಕರ್ ನರದ್ದೇ ಅಲ್ಲ. ಮಗ್ಗುಲು ಬದಲಿಸಿದಾಗ, ಮೇಲಿನ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಮಾತ್ರ ಒಂದು ನಿಮಿಷದೊಳಗೆ ಬಂದು ಹೋಗುವ ಚಕ್ಕರ್ ಇದ್ದರೆ, ಒಳಗಿವಿಯ ಸುಣ್ಣದ ಹರಳುಗಳು ಜಾಗ ಬಿಟ್ಟು ಕೊಳವೆಗೆ ಜಾರಿರುವ ಸಾಧ್ಯತೆ ಜಾಸ್ತಿ. ಇದಕ್ಕೆ ಸಲಾಯಿನ್ ಬೇಡ. ಅಮೆರಿಕದ ಜಾನ್ ಎಪ್ಲಿ ಅನ್ನುವ ವೈದ್ಯರು ತೋರಿಸಿಕೊಟ್ಟ ಕ್ರಮದಲ್ಲಿ ತಲೆಯನ್ನು ಒಂದೊಂದೇ ಕೋನಕ್ಕೆ ತಿರುಗಿಸಿ ಹರಳನ್ನು ವಾಪಸ್ ಕಳಿಸುತ್ತೇವೆ. ಕೆಲವು ನಿಮಿಷಗಳ ಕೆಲಸ. ವರ್ಷಗಟ್ಟಲೆ ಹೆದರಿ ಬದುಕಿದವರು ಅವತ್ತೇ ನಗುತ್ತಾ ಹೋಗುವುದನ್ನು ನೋಡುವುದು ನನ್ನ ಕೆಲಸದ ದೊಡ್ಡ ಸಂತೋಷ.

ಚಕ್ಕರ್‌ಗೆ ಕಿವಿ ಕಾರಣ ಅಂತ ಪರೀಕ್ಷೆ ಮಾಡಿ ತೋರಿಸುವ ದಾರಿ ಹೇಗೆ ಸಿಕ್ಕಿತು ಅನ್ನೋ ಕಥೆ ಹೇಳಲೇಬೇಕು. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಅನ್ನುವ ಯುವ ವೈದ್ಯರು ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುತ್ತಿದ್ದರು. ನೀರು ತಣ್ಣಗಿದ್ದುದಕ್ಕೆ ತಲೆ ತಿರುಗಿತು ಅಂತ ಒಬ್ಬ ರೋಗಿ ದೂರಿದ. ಬಾರಾನಿ ನೀರನ್ನು ಬಿಸಿ ಮಾಡಿಸಿದರು. ಅದು ಜಾಸ್ತಿ ಬಿಸಿಯಾಗಿ ಮತ್ತೆ ತಲೆ ತಿರುಗಿತು. ಆದರೆ ಈ ಸಲ ಕಣ್ಣುಗುಡ್ಡೆ ಮೊದಲಿನದಕ್ಕೆ ಎದುರು ದಿಕ್ಕಿಗೆ ಎಳೆಯುತ್ತಿತ್ತು. ಬಿಸಿಗೆ ದ್ರವ ಮೇಲೇಳುತ್ತದೆ, ತಂಪಿಗೆ ಇಳಿಯುತ್ತದೆ ಅಂತ ಅವರಿಗೆ ಹೊಳೆಯಿತು. ಒಂದೊಂದು ಕಿವಿಯ ಸಮತೋಲವನ್ನು ಬೇರೆ ಬೇರೆಯಾಗಿ ಪರೀಕ್ಷಿಸುವ ದಾರಿ ಹೀಗೆ ಸಿಕ್ಕಿತು. 1914ರ ನೊಬೆಲ್ ಅವರಿಗೆ ಬಂದಾಗ ಅವರು ಮಹಾಯುದ್ಧದಲ್ಲಿ ಸೆರೆಸಿಕ್ಕು ರಷ್ಯಾದ ಶಿಬಿರದಲ್ಲಿದ್ದರು. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯೆ ಬಂದು 1916ರಲ್ಲಿ ಬಿಡುಗಡೆ ಮಾಡಿಸಿದರು. ಆ ಪರೀಕ್ಷೆಯನ್ನು ನಾವು ಇವತ್ತಿಗೂ ಮಾಡುತ್ತೇವೆ.

ಕಾಯಬಾರದು ಅಂದೆನಲ್ಲ, ಅದಕ್ಕೆ ಬರುತ್ತೇನೆ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಬಂದ್ ಆಗಿದೆ. ಜನ “ಗುಗ್ಗೆ ತುಂಬಿರಬೇಕು, ನೆಗಡಿ ಇರಬೇಕು” ಅಂತ ಎಣ್ಣೆ ಹಾಕುತ್ತಾ ಮೂರು ವಾರ ಕಳೆಯುತ್ತಾರೆ. ಅದು ನರದ ಕಡೆಯ ದಿಢೀರ್ ಕಿವುಡು ಆಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಇದೆ. ಮೊದಲ ಕೆಲವು ದಿನಗಳಲ್ಲೇ ಶುರು ಮಾಡಿದರೆ ಕಿವಿ ತಿರುಗಿ ಬರುವ ಸಾಧ್ಯತೆ ಜಾಸ್ತಿ. ಎರಡು ವಾರ ದಾಟಿದರೆ ಆ ಸಾಧ್ಯತೆ ಬಹಳ ಕುಗ್ಗುತ್ತದೆ. ಅವತ್ತೇ ಇಲ್ಲವೆ ಮರುದಿನ ಕಿವಿ ಡಾಕ್ಟರ ಹತ್ತಿರ ಹೋಗಬೇಕು. ಇನ್ನೊಂದು, ಒಂದೇ ಕಡೆ ನಿಧಾನವಾಗಿ ಕೇಳಿಸುವುದು ಕಡಿಮೆಯಾಗುತ್ತಾ ಅದೇ ಕಿವಿಯಲ್ಲಿ ಸದ್ದು ಬರುತ್ತಿದ್ದರೆ ಎಂ.ಆರ್.ಐ. ಬೇಕಾಗಬಹುದು. ಈ ನರದ ಹೊದಿಕೆಯ ಮೇಲೆ ಗಡ್ಡೆ ಬೆಳೆಯುವುದುಂಟು. ಅದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ, ಅಪರೂಪ. ಚಿಕ್ಕದಿದ್ದಾಗ ಸಿಕ್ಕರೆ ದಾರಿಗಳು ಜಾಸ್ತಿ ಇರುತ್ತವೆ. ಮತ್ತೆ ಚಕ್ಕರ್ ಜೊತೆಗೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೂ ಆಗದಿದ್ದರೆ ಅದು ಮಿದುಳಿನ ಸ್ಟ್ರೋಕ್ ಇರಬಹುದು. ನೇರ ದೊಡ್ಡ ದವಾಖಾನೆ.

ಆಶಾ ಅಕ್ಕಂದಿರೇ, ಇನ್ನು ಮುಂದಿನದು ನಿಮಗೆ. ಮಕ್ಕಳ ಮಾತು.

ಯಾದಗಿರಿ ಕಡೆಯ ಒಬ್ಬ ತಾಯಿ ಎರಡು ವರ್ಷದ ಮಗನನ್ನು ಕರೆತಂದಿದ್ದರು. ಮಾತು ಬಂದಿರಲಿಲ್ಲ. “ಹುಟ್ಟಿದಾಗ ಕಿವಿ ಟೆಸ್ಟ್ ಮಾಡ್ಯಾರ್ರೀ, ಪಾಸ್ ಅಂತ ಬರೆದು ಕೊಟ್ಟಾರ” ಅಂದರು. ಚೀಟಿ ನಿಜ, ಟೆಸ್ಟೂ ಸರಿ. ಆದರೆ ಮಾಡಿದ್ದು ಒ.ಎ.ಇ. ಪರೀಕ್ಷೆ. ಡೇವಿಡ್ ಕೆಂಪ್ 1978ರಲ್ಲಿ ಕಂಡುಹಿಡಿದದ್ದು. ಹೊರಸಾಲಿನ ಕೋಶಗಳು ತಾವೇ ಹೊರಡಿಸುವ ಸಣ್ಣ ಸದ್ದನ್ನು ಅದು ಹಿಡಿಯುತ್ತದೆ. ಕೋಶಗಳು ಸರಿ ಇವೆ ಅಂತ ಹೇಳುತ್ತದೆ. ನರದ ಬಗ್ಗೆ ಅದು ಏನೂ ಹೇಳುವುದಿಲ್ಲ. ಈ ಮಗುವಿಗೆ ಹುಟ್ಟಿದಾಗ ಕಾಮಾಲೆ ಬಹಳ ಏರಿ ಐ.ಸಿ.ಯು.ನಲ್ಲಿ ಇಟ್ಟಿದ್ದರು. ಜಾಸ್ತಿ ಏರಿದ ಕಾಮಾಲೆ ಕೇಳುವ ನರಕ್ಕೂ ಮಿದುಳಿನ ಕಾಂಡಕ್ಕೂ ಪೆಟ್ಟು ಕೊಡುತ್ತದೆ. ಕೋಶ ಸರಿ, ನರ ಸರಿಯಿಲ್ಲ. ಅಂಥ ಮಗು ಒ.ಎ.ಇ.ಯಲ್ಲಿ ಪಾಸಾಗುತ್ತದೆ. ಅದನ್ನು ಹಿಡಿಯುವುದು ಬೇರಾ (BERA) ಅನ್ನುವ ಪರೀಕ್ಷೆ. ಕಿವಿಯಲ್ಲಿ ಟಿಕ್ ಟಿಕ್ ಸದ್ದು ಕೊಟ್ಟು, ನರ ಮತ್ತು ಮಿದುಳಿನ ಕಾಂಡದಿಂದ ಏಳುವ ಅಲೆಗಳನ್ನು ತಲೆಯ ಮೇಲಿನಿಂದ ಬರೆದುಕೊಳ್ಳುವ ಪರೀಕ್ಷೆ ಅದು. ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ: ಐ.ಸಿ.ಯು.ನಲ್ಲಿದ್ದ, ಕಾಮಾಲೆ ಜಾಸ್ತಿಯಾಗಿದ್ದ, ತೀರ ಕಡಿಮೆ ತೂಕಕ್ಕೆ ಹುಟ್ಟಿದ ಮಗುವಿಗೆ ಒ.ಎ.ಇ. ಒಂದೇ ಸಾಲದು, ಬೇರಾ ಕೇಳಿ.

ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಕಿವಿ ಮಷೀನು ಮತ್ತು ಕಲಿಕೆ ಶುರು. ಇದು ಎಲ್ಲ ಕಡೆ ಒಪ್ಪಿದ ಗುರಿ. “ಅವರಪ್ಪನೂ ತಡ ಮಾಡಿ ಮಾತಾಡಿದ” ಅನ್ನುವ ಮಾತು ನಮ್ಮ ಮಕ್ಕಳ ಎಷ್ಟೋ ವರ್ಷ ತಿಂದಿದೆ. ಸೋದರ ಸಂಬಂಧದ ಮದುವೆ ನಮ್ಮ ಭಾಗದಲ್ಲಿ ಇನ್ನೂ ನಡೆಯುತ್ತದೆ. ಸೋದರಮಾವ ಮತ್ತು ಸೊಸೆಯಲ್ಲಿ ಸುಮಾರು ಕಾಲು ಭಾಗ ವಂಶವಾಹಿಗಳು ಒಂದೇ. ಕಿವುಡಿನ ವಂಶವಾಹಿ ಇಬ್ಬರಲ್ಲೂ ಅಡಗಿದ್ದರೆ ಮಗುವಿನಲ್ಲಿ ಹೊರಬೀಳಬಹುದು. ಮದುವೆ ಆಗಿಹೋಗಿದ್ದರೆ ಯಾರನ್ನೂ ಬಯ್ಯಬೇಡಿ, ಮಗುವಿನ ಕಿವಿ ಬೇಗ ನೋಡಿಸಿ. ಹೀಗೆ ಬರುವ ಕಿವುಡಿನಲ್ಲಿ ಬಹಳ ಸಲ ಕೆಟ್ಟಿರುವುದು ಕಾಕ್ಲಿಯಾ, ನರ ಚೆನ್ನಾಗಿರುತ್ತದೆ. ಅಂಥ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಾಕ್ಲಿಯಾದೊಳಗೆ ಕೂರಿಸುವ ಸಾಧನ, ಒಳ್ಳೆಯ ಫಲ ಕೊಡುತ್ತದೆ. ಯಾಕೆಂದರೆ ಅದು ಸತ್ತ ಕೋಶಗಳನ್ನು ದಾಟಿ ನೇರ ನರಕ್ಕೇ ವಿದ್ಯುತ್ ಮಿಡಿತ ಕೊಡುತ್ತದೆ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಐರಿಯೆಸ್ ಈ ದಾರಿ ತೆರೆದರು. ಆಪರೇಷನ್ನಿಗೆ ಮೊದಲು ಎಂ.ಆರ್.ಐ. ಮಾಡಿ ನರ ಇದೆಯಾ ಅಂತ ನೋಡುತ್ತಾರೆ. ಬಡ ಮಕ್ಕಳಿಗೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ನೆರವಿದೆ, ಆದರೆ ವಯಸ್ಸಿನ ಮಿತಿ ಇದೆ.

ಇನ್ನೊಂದು ವಿಷಯ ಬಹಳ ಕಡಿಮೆ ಜನಕ್ಕೆ ಗೊತ್ತು. ಹುಟ್ಟು ಕಿವುಡಿನ ಕೆಲವು ಮಕ್ಕಳಲ್ಲಿ ಸಮತೋಲದ ಭಾಗವೂ ಸೋತಿರುತ್ತದೆ. ಅವರ ಕುತ್ತಿಗೆ ತಡವಾಗಿ ನಿಲ್ಲುತ್ತದೆ, ಕೂರುವುದು, ನಡೆಯುವುದು ತಡ. ಮಾತೂ ಇಲ್ಲ, ನಡಿಗೆಯೂ ಇಲ್ಲ ಅಂತ ನೋಡಿ ಜನ ಬುದ್ಧಿ ಕಡಿಮೆ ಅಂದುಬಿಡುತ್ತಾರೆ. ಎಷ್ಟು ದೊಡ್ಡ ಅನ್ಯಾಯ ನೋಡಿ. ಬುದ್ಧಿ ಚೆನ್ನಾಗಿಯೇ ಇರಬಹುದು, ಎಂಟನೇ ನರ ಸುದ್ದಿ ತರುತ್ತಿಲ್ಲ ಅಷ್ಟೇ. ಇಂಥ ಮಕ್ಕಳು ಹಗಲಲ್ಲಿ ಕಣ್ಣಿನ ಸಹಾಯದಿಂದ ಚೆನ್ನಾಗಿ ಓಡುತ್ತಾರೆ. ಕತ್ತಲಲ್ಲಿ ಬೀಳುತ್ತಾರೆ. ನೀರಿನೊಳಗೆ ಮುಳುಗಿದಾಗ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಭೀಮಾ ದಂಡೆಯ ಊರುಗಳಲ್ಲಿ, ಬಾವಿ ಇರುವ ಹೊಲಗಳಲ್ಲಿ ಇಂಥ ಮಗು ಇದ್ದರೆ ಒಂಟಿಯಾಗಿ ಈಜಲು ಬಿಡಬೇಡಿ ಅಂತ ಮನೆಯವರಿಗೆ ಹೇಳಿ.

ಬೇರಾ ಪರೀಕ್ಷೆಗೆ ಕಳಿಸುವಾಗ ಎರಡು ಮಾತು ಹೇಳಿ ಕಳಿಸಿ. ಹಿಂದಿನ ದಿನ ಮಗುವಿನ ತಲೆ ತೊಳೆದಿರಬೇಕು, ಎಣ್ಣೆ ಹಚ್ಚಿರಬಾರದು. ಎಣ್ಣೆ ಇದ್ದರೆ ತಲೆಗೆ ಅಂಟಿಸುವ ತಂತಿಗಳು ನಿಲ್ಲುವುದಿಲ್ಲ. ಮಗು ಗಾಢ ನಿದ್ದೆಯಲ್ಲಿದ್ದಾಗ ಮಾತ್ರ ಪರೀಕ್ಷೆ ಚೆನ್ನಾಗಿ ಬರುತ್ತದೆ. ಹಾಗಾಗಿ ಬಸ್ಸಿನಲ್ಲಿ ಬರುವಾಗ ಆದಷ್ಟು ಮಲಗಿಸಬೇಡಿ. ದವಾಖಾನೆಗೆ ಬಂದ ಮೇಲೆ ಹಾಲು ಕುಡಿಸಿ ಮಲಗಿಸಿ.